ಅಪ್ಪ ಹೇಗೆ ತೀರಿಕೊಂಡರೆಂದು ಎಷ್ಟು ಕಡೆ ಹೇಳಬೇಕು?

ಓದುಗರ ಪ್ರಶ್ನೆ

ಅಕ್ಕನವರಿಗೆ ನಮಸ್ಕಾರ. ನಾನು ಧಾರವಾಡದ ಸಪ್ತಾಪುರದವಳು, ವಯಸ್ಸು 58. ಯಜಮಾನರು ತೀರಿಕೊಂಡು ಆರು ವರ್ಷವಾಯಿತು, ಮಗ ಪುಣೆಯಲ್ಲಿದ್ದಾನೆ. ಮಾಳಿಗೆಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತೇನೆ. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೆಯೇ. ಕಾಲೇಜಿಗೆ, ಪರೀಕ್ಷೆಗಳ ತರಬೇತಿಗೆ ಬರುವ ಹುಡುಗ ಹುಡುಗಿಯರಿಂದಲೇ ಇಲ್ಲಿಯ ಅರ್ಧ ಮನೆಗಳ ಒಲೆ ಉರಿಯುತ್ತದೆ.

2021ರಲ್ಲಿ ಮಣಿಪುರದ ಒಬ್ಬ ಹುಡುಗಿ ನರ್ಸಿಂಗ್ ಓದಲು ಬಂದು ನಮ್ಮಲ್ಲಿ ಉಳಿದಳು. ಈಗ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ, ಬೆಳಗಿನ ಆರು ಗಂಟೆಯ ಚಿಗರಿ ಬಸ್ಸಿಗೆ ಹೊರಡುತ್ತಾಳೆ. 2023ರ ಮೇ ತಿಂಗಳಲ್ಲಿ ಅವಳ ಊರಿನಲ್ಲಿ ಎರಡು ಪಂಗಡಗಳ ನಡುವೆ ಗಲಭೆ ಶುರುವಾಯಿತು. ಇಂಟರ್ನೆಟ್ ಬಂದ್ ಆಯಿತು, ಎಂಟು ದಿನ ಮನೆಯವರ ಸುದ್ದಿಯೇ ಇಲ್ಲ. ಒಂಬತ್ತನೆಯ ದಿನ ಯಾರೋ ಸಂಬಂಧಿಕರು ಕರೆ ಮಾಡಿ, ಗುಂಪೊಂದು ಅಪ್ಪನನ್ನು ಕೊಂದಿದೆ, ಮನೆ ಮತ್ತು ಕಿರಾಣಿ ಅಂಗಡಿ ಸುಟ್ಟುಹೋಗಿವೆ ಎಂದರಂತೆ. ಹುಡುಗಿ ಅವತ್ತು ಸಂಜೆ ಕೆಳಗೆ ಬಂದು, ‘ಆಂಟಿ, ನಾಳೆ ನೀರು ಬರುತ್ತದೆಯೇ?’ ಎಂದಷ್ಟೇ ಕೇಳಿದಳು. ನಮ್ಮ ಕಡೆ ನಳದಲ್ಲಿ ನೀರು ಬರುವುದು ವಾರಕ್ಕೊಮ್ಮೆ. ನಾನು ‘ಬರುತ್ತದೆ, ಬಕೆಟ್ ಹೊರಗಿಡು’ ಎಂದೆ. ಮೂರು ದಿನದ ಮೇಲೆ ಅವಳ ಗೆಳತಿಯಿಂದ ನನಗೆ ವಿಷಯ ತಿಳಿಯಿತು. ಇಂದಿಗೂ ಆ ಬಕೆಟ್ಟಿನ ಮಾತು ನೆನಪಾದರೆ ಗಂಟಲು ಕಟ್ಟುತ್ತದೆ.

ತಾಯಿ ಮತ್ತು ತಮ್ಮ ಒಂದು ವರ್ಷಕ್ಕೂ ಹೆಚ್ಚು ಕಾಲ ಪರಿಹಾರ ಶಿಬಿರದಲ್ಲಿದ್ದು, ಕಳೆದ ಜೂನ್‌ನಲ್ಲಿ ಇಲ್ಲಿಗೆ ಬಂದಿದ್ದಾರೆ. ಮೂವರೂ ಒಂದೇ ಕೋಣೆಯಲ್ಲಿದ್ದಾರೆ. ಹುಡುಗಿಯ ಸಂಬಳ ಹದಿನಾರು ಸಾವಿರ, ಬಾಡಿಗೆ ಐದೂವರೆ. ಬಾಡಿಗೆ ಬೇಡವೆಂದರೆ ಕೇಳುವುದಿಲ್ಲ, ಪ್ರತಿ ತಿಂಗಳು ಐದನೆಯ ತಾರೀಖಿಗೆ ಲಕೋಟೆಯಲ್ಲಿ ತಂದಿಡುತ್ತಾಳೆ. ತಮ್ಮನಿಗೆ ಹನ್ನೆರಡು ವರ್ಷ. ವರ್ಗಾವಣೆ ಪತ್ರವಿಲ್ಲ ಎಂದು ಒಂದು ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಗಣಪತಿ ಕಳಿಸುವ ದಿನ ಓಣಿಯಲ್ಲಿ ಪಟಾಕಿ ಹೊಡೆದಾಗ ಮಂಚದ ಕೆಳಗೆ ಹೋದವನು ರಾತ್ರಿ ಹನ್ನೊಂದರವರೆಗೆ ಹೊರಗೆ ಬರಲಿಲ್ಲ. ತಾಯಿಗೆ ಕನ್ನಡವೂ ಬಾರದು, ಹಿಂದಿಯೂ ಬಾರದು. ದಿನವೆಲ್ಲ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಒಮ್ಮೆ ಮಾತ್ರ, ನಾನು ಕಸೂತಿ ಹಾಕಿದ ಇಳಕಲ್ ಸೀರೆ ಒಣಹಾಕುತ್ತಿದ್ದಾಗ ಹತ್ತಿರ ಬಂದು, ಸೆರಗಿನ ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿ ಏನೋ ಹೇಳಿದರು.

ಕಾಗದಪತ್ರದ್ದೇ ದೊಡ್ಡ ತಾಪತ್ರಯ. ಅಪ್ಪನ ಮರಣ ಪ್ರಮಾಣಪತ್ರ ಕೈಗೆ ಬಂದಿಲ್ಲ. ಆಧಾರಿನಲ್ಲಿ ಒಂದು ಹೆಸರು, ಪೊಲೀಸರ ಕಾಗದದಲ್ಲಿ ಇನ್ನೊಂದು. ಪರಿಹಾರದ ಹಣದಲ್ಲಿ ಒಂದು ಭಾಗ ದೊಡ್ಡಪ್ಪನ ಖಾತೆಗೆ ಹೋಗಿದೆಯಂತೆ. ಇದರ ಮಧ್ಯೆ ನೆರೆಯವರು, ಮಾಳಿಗೆಯಿಂದ ಹುಳಿಸಿದ ಮೀನಿನ ವಾಸನೆ ಬರುತ್ತದೆ, ಅವರನ್ನು ಬಿಡಿಸಿ ಎನ್ನುತ್ತಾರೆ. ಅವರು ಅಲ್ಲಿಯ ........ ಪಂಗಡದವರು. ‘ಆ ಪಂಗಡದವರದ್ದೇ ತಪ್ಪಂತೆ’ ಎಂದೂ ಒಬ್ಬರು ಹೇಳಿದರು.

ಏನು ಮಾಡಲಿ? ಇನ್ನೊಂದು ಮಾತು. ನಿಜವಾಗಿ ಅಲ್ಲಿ ಏನಾಯಿತು ಎಂದು ನಾನು ಎರಡು ಮೂರು ಸಲ ಕೇಳಿದೆ. ಹುಡುಗಿ ಎದ್ದು ಹೋಗುತ್ತಾಳೆ. ಇಷ್ಟು ವರ್ಷ ಮಗಳಂತೆ ನೋಡಿಕೊಂಡಿದ್ದೇನೆ, ನನಗೂ ಹೇಳಬಾರದೇ?

ಹೆಸರು ಬೇಡ, ಧಾರವಾಡ

ಉತ್ತರ

ತಂಗೀ, ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಹೇಳಬೇಕಾಗಿಲ್ಲ. ಮಗಳಂತೆ ನೋಡಿಕೊಂಡದ್ದಕ್ಕೆ ಅದು ಬಾಡಿಗೆಯಲ್ಲ.

ಕಟುವಾಯಿತೇನೋ. ಆದರೆ ಇದು ನನಗೆ ಅನುಭವದ ಮಾತು. 1964ರಲ್ಲಿ ಅಪ್ಪ ಎದೆನೋವಿನಿಂದ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಹುಬ್ಬಳ್ಳಿಯಲ್ಲಿದ್ದೆವು. ಅವ್ವ ನನ್ನನ್ನು ಕರೆದುಕೊಂಡು ಒಂದೊಂದೇ ಕಚೇರಿಗೆ ಹೋಗುತ್ತಿದ್ದಳು. ಪ್ರತಿ ಮೇಜಿನಲ್ಲೂ ಮೊದಲ ಪ್ರಶ್ನೆ ಒಂದೇ: ‘ಹೇಗೆ ತೀರಿಕೊಂಡರವ್ವಾ?’ ಆಕೆ ಮೊದಲಿನಿಂದ ಹೇಳುತ್ತಿದ್ದಳು. ಊಟಕ್ಕೆ ಕೂತಿದ್ದರು, ರೊಟ್ಟಿ ಮುರಿದರು, ನೀರು ಕೇಳಿದರು. ಕೇಳಿದವನು ‘ನಾಡಿದ್ದು ಬಾ’ ಎನ್ನುತ್ತಿದ್ದ. ನಾಡಿದ್ದು ಅಲ್ಲಿ ಬೇರೆಯವನಿರುತ್ತಿದ್ದ, ಮತ್ತೆ ಅದೇ ರೊಟ್ಟಿ, ಅದೇ ನೀರು. ಸಾವಿಗಿಂತ ಹೆಚ್ಚಾಗಿ ಅದನ್ನು ಹೇಳುತ್ತಾ ಹೇಳುತ್ತಾ ಆಕೆ ಸೊರಗಿದಳು.

ಪಕ್ಕದ ಮನೆಯಲ್ಲಿ ಒಬ್ಬ ಟೇಲರ್ ಮಾಮಾ ಇದ್ದರು. ಒಂದು ರಾತ್ರಿ ಅವ್ವನನ್ನು ಕೂರಿಸಿಕೊಂಡು ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದರು. ಮರುದಿನ ಕಾರ್ಬನ್ ಹಾಳೆಯಿಟ್ಟು ಏಳು ಪ್ರತಿ ತೆಗೆದರು. ‘ವೈನಿ, ಇನ್ನು ಮೇಲೆ ಈ ಕಾಗದ ಮೇಜಿನ ಮೇಲೆ ಇಡಿರಿ, ಬಾಯಿ ಮುಚ್ಚಿಕೊಂಡು ಕೂಡಿರಿ’ ಎಂದರು. ಜೊತೆಗೆ ತಾವೂ ಬಂದರು, ಹೊಲಿಗೆ ಬಿಟ್ಟು. ಅವರು ನಮಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ, ಕೊಡುವ ಶಕ್ತಿಯೂ ಇರಲಿಲ್ಲ. ಆದರೆ ನಮ್ಮ ಮನೆ ನಿಂತದ್ದು ಆ ಏಳು ಕಾಗದಗಳ ಮೇಲೆ.

ಇಷ್ಟು ಗೊತ್ತಿದ್ದೂ ನಾನೇನು ಮಾಡಿದೆ? ಕೋರ್ಟಿನಲ್ಲಿ 34 ವರ್ಷ ಕೆಲಸ ಮಾಡಿ ಶಿರಸ್ತೇದಾರಳಾಗಿ ನಿವೃತ್ತಳಾದೆ. ಒಂದು ದಿನ ನವಲಗುಂದದ ಕಡೆಯ ಹೆಣ್ಣುಮಗಳೊಬ್ಬಳು ವಾರಸಾ ಅರ್ಜಿ ಹಿಡಿದು ನನ್ನ ಮುಂದೆ ನಿಂತಳು. ‘ಯಜಮಾನರು ಹೇಗೆ ತೀರಿಕೊಂಡರು?’ ಎಂದು ನಾನೂ ಕೇಳಿದೆ. ಆಕೆ ನನ್ನನ್ನೇ ನೋಡಿ, ‘ಅದರಲ್ಲಿ ಬರೆದಿದೆಯಲ್ಲ ಬಾಯಿಯವರೇ’ ಎಂದಳು. ಬರೆದಿತ್ತು. ನಾನು ಓದದೆ ಕೇಳಿದ್ದೆ.

ಆದ್ದರಿಂದ ನಿಮಗೆ ಹೇಳುವುದು ಇಷ್ಟೇ. ಆ ಹುಡುಗಿಯಿಂದ ಕಥೆ ಕೇಳಬೇಡಿ, ಒಂದು ಪುಟ ಬರೆಸಿ. ಅವಳೇ ಬರೆಯಲಿ, ಮೊದಲು ತನ್ನ ಭಾಷೆಯಲ್ಲಿ ಬರೆದುಕೊಂಡರೂ ಆಗುತ್ತದೆ, ಆಮೇಲೆ ಇಂಗ್ಲಿಷಿಗೆ ತರಲಿ. ಅಪ್ಪನ ಹೆಸರು ಯಾವ ಯಾವ ಕಾಗದದಲ್ಲಿ ಹೇಗೆ ಹೇಗೆ ಬರೆದಿದೆ, ಯಾವ ದಿನ, ಯಾವ ಊರು, ಯಾವ ಠಾಣೆ, ಎಫ್‌ಐಆರ್ ಸಂಖ್ಯೆ, ಶವಪರೀಕ್ಷೆ ಎಲ್ಲಿ ಆಯಿತು, ತಾಯಿ ಮತ್ತು ತಮ್ಮ ಯಾವ ಶಿಬಿರದಲ್ಲಿದ್ದರು, ಈಗ ಮನೆಯಲ್ಲಿ ಯಾರು ಯಾರಿದ್ದಾರೆ. ಇಷ್ಟು ಸಾಕು. ಗುಂಪು ಏನು ಮಾಡಿತು ಎಂಬ ವರ್ಣನೆ ಯಾವ ಅರ್ಜಿಗೂ ಬೇಕಿಲ್ಲ, ಅದು ತನಿಖೆಯವರ ಪಾಲಿನದು. ಹತ್ತು ಪ್ರತಿ ತೆಗೆಸಿ ಫೈಲಿನಲ್ಲಿಡಿ. ಅವಳು ಕೊಟ್ಟರೆ ಓದಿ, ಕೊಡದಿದ್ದರೆ ಫೈಲು ಹಿಡಿದುಕೊಂಡು ಜೊತೆಗೆ ಹೋಗಿ, ಓದಬೇಡಿ.

ಮೊದಲು ಹೋಗಬೇಕಾದ ಜಾಗ ಧಾರವಾಡದ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇದೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಸಹಾಯವಾಣಿ 15100. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ವಕೀಲರು ಯಾರಿಗೆ ಸಿಗಬೇಕೆಂಬ ಪಟ್ಟಿಯಿದೆ. ನೆರೆ, ಬರ, ಭೂಕಂಪಗಳ ಜೊತೆಗೆ ‘ಜನಾಂಗೀಯ ಹಿಂಸೆ’ಗೆ ತುತ್ತಾದವರು ಎಂಬ ಮಾತು ಅಲ್ಲಿ ಅಚ್ಚಾಗಿಯೇ ಇದೆ. ನನ್ನ ನೌಕರಿಯ ಕಾಲದಲ್ಲಿ ಆ ಎರಡು ಪದಗಳ ಮೇಲೆ ಎಷ್ಟೋ ಸಲ ಕಣ್ಣು ಹಾಯಿಸಿದ್ದೇನೆ, ಧಾರವಾಡದಲ್ಲಿ ಇದಾರಿಗೆ ಬೇಕಾದೀತು ಎಂದುಕೊಂಡು. ಹೆಂಗಸರಿಗೂ ಮಕ್ಕಳಿಗೂ ಹೇಗೂ ಹಕ್ಕಿದೆ. ಈ ಪಟ್ಟಿಯವರ ಆದಾಯ ಎಷ್ಟು ಎಂದು ಕೇಳುವಂತಿಲ್ಲ. ಇಲ್ಲಿಂದಲೇ ಮಣಿಪುರದ ಪ್ರಾಧಿಕಾರಕ್ಕೆ ಬರೆಯಿಸಿಕೊಳ್ಳಬಹುದು. ಹುಡುಗಿ ರಜೆ ಹಾಕಿ ಅಷ್ಟು ದೂರ ಓಡಬೇಕಾಗಿಲ್ಲ.

ಮರಣ ಪ್ರಮಾಣಪತ್ರದ ವಿಷಯ. ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗಬೇಕು. ನಮ್ಮ ಪಾಲಿಕೆಗೆ ಹೋಗಿ ಕಾಲು ಸವೆಸಬೇಡಿ. ಮೊದಲು ಅಲ್ಲಿ ಆಗಲೇ ನೋಂದಾಯಿತವಾಗಿದೆಯೇ ಎಂದು ಕೇಳಿಸಿ, ಆಸ್ಪತ್ರೆಯವರೇ ಮಾಡಿಸಿರಬಹುದು. ಆಗಿಲ್ಲದಿದ್ದರೆ, ಒಂದು ವರ್ಷ ದಾಟಿದ ಪ್ರಕರಣಕ್ಕೆ ಆ ಕಡೆಯ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಮಟ್ಟದಲ್ಲೇ ಇದು ಆಗುತ್ತದೆ. ಹೆಸರಿನ ವ್ಯತ್ಯಾಸಕ್ಕೆ ಗಾಬರಿ ಬೇಡ. ನಮ್ಮಲ್ಲೂ ಬಸಪ್ಪ, ಬಸವಣ್ಣೆಪ್ಪ, ಬಸವರಾಜ ಮೂವರೂ ಒಬ್ಬರೇ ಆಗಿರುವ ಕಡತಗಳನ್ನು ನಾನು ಗಾಡಿಗಟ್ಟಲೆ ನೋಡಿದ್ದೇನೆ. ಎರಡೂ ಹೆಸರು ಒಬ್ಬರದೇ ಎಂದು ತಾಯಿ ನೋಟರಿಯ ಮುಂದೆ ಅಫಿಡವಿಟ್ ಮಾಡಿಕೊಡಲಿ. ತಾಯಿಯ ಆಧಾರ್ ಸುಟ್ಟಿದ್ದರೆ ಬೆರಳಚ್ಚಿನಿಂದ ಮತ್ತೆ ಸಿಗುತ್ತದೆ. ಹೀಗೆ ಸ್ಥಳಾಂತರಗೊಂಡವರಿಗೆ ಆಧಾರ್ ಕೊಡಿ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಪರಿಹಾರದ ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ನೇತೃತ್ವದಲ್ಲಿ ಮೂವರು ಮಹಿಳಾ ನ್ಯಾಯಮೂರ್ತಿಗಳ ಸಮಿತಿಯನ್ನು ನೇಮಿಸಿದ್ದೂ ಅದೇ ವರ್ಷದ ಆಗಸ್ಟ್‌ನಲ್ಲಿ.

ಹಣದ ಮಾತಿಗೆ ಬರುತ್ತೇನೆ. 2023ರ ಮೇ ಕೊನೆಯಲ್ಲಿ ಕೇಂದ್ರ ಮತ್ತು ಮಣಿಪುರ ಸರ್ಕಾರಗಳು ಸಮನಾಗಿ ಹೊತ್ತುಕೊಂಡು, ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಮತ್ತು ಒಬ್ಬರಿಗೆ ಉದ್ಯೋಗ ಎಂದು ಪ್ರಕಟಿಸಿದವು. ದೊಡ್ಡಪ್ಪನ ಖಾತೆಗೆ ಎಷ್ಟು ಹೋಗಿದೆ, ಯಾವ ಆದೇಶದ ಮೇಲೆ ಹೋಗಿದೆ ಎಂಬ ಪ್ರತಿಯನ್ನು ವಕೀಲರ ಮೂಲಕ ತರಿಸಿ. ಅದಕ್ಕೆ ಮೊದಲು ಅವರ ಮೇಲೆ ಕೆಂಡ ಕಾರಬೇಡಿ. ಬ್ಯಾಂಕು ಮುಚ್ಚಿದ್ದಾಗ, ಊರು ಹೊತ್ತಿ ಉರಿಯುತ್ತಿದ್ದಾಗ ಯಾರ ಖಾತೆ ನಡೆಯುತ್ತಿತ್ತೋ ಅದಕ್ಕೆ ಹಾಕಿಸಿಕೊಂಡಿರಬಹುದು. ನುಂಗಿರಲೂಬಹುದು. ನಮ್ಮ ಹಾವೇರಿ, ಗದಗದ ದೊಡ್ಡಪ್ಪಂದಿರನ್ನು ಕಂಡ ನಾನು ಎರಡಕ್ಕೂ ಸಿದ್ಧ.

ಇನ್ನೊಂದು ಸಣ್ಣ ಕೆಲಸ. ಅಪ್ಪನಿಗೆ ಖಾತೆಯಿದ್ದ ಬ್ಯಾಂಕಿನಿಂದ 2022ರ ಮೇ, ಜೂನ್ ತಿಂಗಳ ಲೆಕ್ಕ ತರಿಸಿ. ಅದರಲ್ಲಿ 20 ರೂಪಾಯಿ ಕಡಿತ ಕಂಡರೆ ಅದು ಪ್ರಧಾನಮಂತ್ರಿ ಸುರಕ್ಷಾ ವಿಮೆಯ ಕಂತು, 436 ಕಂಡರೆ ಜೀವನ ಜ್ಯೋತಿ. ಒಂದೊಂದಕ್ಕೂ 2 ಲಕ್ಷ. ಸುರಕ್ಷಾ ವಿಮೆ ಅಪಘಾತದ್ದು, ಕೊಲೆಗೆ ಸಿಗುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿದರೆ ಎದ್ದು ಬರಬೇಡಿ. ಆತ್ಮಹತ್ಯೆಗೆ ಇಲ್ಲ, ಕೊಲೆಗೆ ಉಂಟು ಎಂದು ಯೋಜನೆಯ ವಿವರಣೆಯಲ್ಲೇ ಇದೆ. ತಡವಾಯಿತು ಎಂದು ತಕರಾರು ತೆಗೆಯಬಹುದು, ಆಗ ಶಿಬಿರದ ದಾಖಲೆ ತೋರಿಸಿ ಲಿಖಿತ ಉತ್ತರ ಕೇಳಿ. ತಮ್ಮನ ಓದಿಗೆ ರಾಷ್ಟ್ರೀಯ ಕೋಮು ಸೌಹಾರ್ದ ಪ್ರತಿಷ್ಠಾನದ ನೆರವೂ ಇದೆ. ಕೋಮು, ಜಾತಿ, ಜನಾಂಗೀಯ ಅಥವಾ ಭಯೋತ್ಪಾದಕ ಹಿಂಸೆಯಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡು ದಿಕ್ಕಿಲ್ಲದಾದ ಮಕ್ಕಳಿಗೆಂದೇ ಇರುವ ಯೋಜನೆ ಅದು. ಅರ್ಜಿ ಜಿಲ್ಲಾಡಳಿತದ ಮೂಲಕ ಹೋಗಬೇಕು.

ಶಾಲೆಯ ವಿಷಯದಲ್ಲಿ ನೀವು ತಪ್ಪು ಬಾಗಿಲು ತಟ್ಟಿದ್ದೀರಿ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಅವರು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಅರ್ಜಿ. ಆದರೆ ಈ ಹಕ್ಕು ಹದಿನಾಲ್ಕು ವರ್ಷದವರೆಗೆ ಮಾತ್ರ, ಹುಡುಗನಿಗೆ ಈಗಲೇ ಹನ್ನೆರಡು. ಈ ಪತ್ರಿಕೆ ಕೈಗೆ ಬಂದ ವಾರವೇ ಹೋಗಿ. ಕನ್ನಡ ಬಾರದಲ್ಲ ಎನ್ನಬೇಡಿ, ಓಣಿಯ ಹುಡುಗರ ಜೊತೆ ಮೂರು ತಿಂಗಳು ಕ್ರಿಕೆಟ್ ಆಡಿದರೆ ನಿಮಗೇ ಬೇಡವಾದ ಕನ್ನಡವನ್ನೂ ಕಲಿತು ಬರುತ್ತಾನೆ. ಮಂಚದ ಕೆಳಗೆ ಹೋದದ್ದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ನಿಮ್ಮ ಊರಿನಲ್ಲೇ ಇದೆ, ಹೊರರೋಗಿ ವಿಭಾಗಕ್ಕೆ ಅಕ್ಕನ ಜೊತೆ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು. ಮುಂದಿನ ಗಣಪತಿಗೆ ಅಷ್ಟು ಹೊತ್ತು ಅವನನ್ನು ಕೆಲಗೇರಿ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಕೂಡಿಸಿ, ಪಟಾಕಿ ನಿಲ್ಲಿಸಿ ಎಂದು ಓಣಿಯ ಜೊತೆ ಜಗಳಕ್ಕಿಳಿದರೆ ನಿಮ್ಮ ರಕ್ತದೊತ್ತಡವಷ್ಟೇ ಏರುತ್ತದೆ.

ನಿಮ್ಮ ಪತ್ರದಲ್ಲಿ ಚುಕ್ಕೆಗಳನ್ನು ಹಾಕಿದವಳು ನಾನು. ಆ ಜಾಗದಲ್ಲಿ ನೀವು ಪಂಗಡದ ಹೆಸರು ಬರೆದಿದ್ದಿರಿ. ಹುಬ್ಬಳ್ಳಿ, ಧಾರವಾಡದಲ್ಲಿ ಅಲ್ಲಿಯ ಎರಡೂ ಕಡೆಯ ಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ಬಹುಶಃ ಒಂದೇ ಚಿಗರಿ ಬಸ್ಸಿನಲ್ಲಿ ನಿಂತು ಹೋಗುತ್ತಾರೆ. ಶಿಬಿರಗಳಲ್ಲಿ ಎರಡೂ ಕಡೆಯ ತಾಯಂದಿರಿದ್ದರು. 2012ರ ಆಗಸ್ಟ್‌ನಲ್ಲಿ ಬರೀ ಮೊಬೈಲ್ ಸಂದೇಶಗಳ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ್ದನ್ನು ನಾವು ಕಂಡಿದ್ದೇವೆ. ಇನ್ನೊಂದು ವದಂತಿಗೆ ನನ್ನ ಅಂಕಣ ಮೂಲವಾಗುವುದು ಬೇಡ. ವಕೀಲರ ಹತ್ತಿರ ಮಾತ್ರ ಸ್ಪಷ್ಟವಾಗಿ ಹೇಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ, ಬೇರೆ ಧರ್ಮದವರಾದರೆ ಲೆಕ್ಕವೇ ಬೇರೆ. ದೊಡ್ಡಪ್ಪನ ಪಾಲು, ತಾಯಿಯ ಪಾಲು ತೀರ್ಮಾನವಾಗುವುದು ಅದರ ಮೇಲೆ. ‘ಅವರದ್ದೇ ತಪ್ಪಂತೆ’ ಎಂದ ನೆರೆಯವರಿಗೆ ಆ ಕಿರಾಣಿ ಅಂಗಡಿಯವನು ಯಾರಿಗೆ ಏನು ಮಾಡಿದ್ದ ಎಂದು ಒಮ್ಮೆ ಕೇಳಿ ನೋಡಿ.

ಮೀನಿನ ವಾಸನೆಗೆ ನನ್ನಲ್ಲಿ ಪರಿಹಾರವಿಲ್ಲ. ನಾನೂ ಮೀನು ತಿನ್ನುವವಳಲ್ಲ, ಮೊದಲ ಸಲ ನನಗೂ ಮೂಗು ಮುಚ್ಚಿಕೊಳ್ಳಬೇಕೆನಿಸೀತು. ಆದರೆ ಮನೆ, ಅಂಗಡಿ, ಯಜಮಾನ ಎಲ್ಲ ಹೋದ ಮೇಲೆ ಆ ತಾಯಿಗೆ ಉಳಿದಿರುವ ತವರಿನ ರುಚಿ ಅದೊಂದೇ. ಹಿತ್ತಲ ಕಡೆಯ ಕಿಟಕಿಗೆ ಗಾಳಿ ಹೊರಹಾಕುವ ಸಣ್ಣ ಫ್ಯಾನು ಹಾಕಿಸಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಬಿಡಿಸಿ ಎಂದವರ ಮನೆಗೆ ಬೇಕಾದರೆ ಸಂಕ್ರಾಂತಿಗೆ ಎರಡು ಹಿಡಿ ಮಾದಲಿ ಹೆಚ್ಚು ಕಳಿಸಿ.

ಸೆರಗಿನ ಎಳೆ ಎಣಿಸಿದರೆಂದು ಬರೆದಿದ್ದೀರಲ್ಲ, ನನಗೆ ನಿಮ್ಮ ಪತ್ರದಲ್ಲಿ ಅದೇ ಹೆಚ್ಚು ಸಮಾಧಾನ ಕೊಟ್ಟ ಸಾಲು. ಆ ಸೀಮೆಯ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ನೇಯುವವರು. ನಮ್ಮ ಕಸೂತಿಯಲ್ಲಿ ಗುರುತು ಹಾಕಿಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಗವಂತಿ, ಮುರ್ಗಿ ಹೊಲಿಗೆಗಳನ್ನು ಹಾಕುವುದು. ಎಣಿಕೆ ಆಕೆಗೆ ಕಂಡಿದೆ. ಒಂದು ಸೂಜಿ, ನೂಲು, ಹಳೆಯ ಬಟ್ಟೆ ತೆಗೆದುಕೊಂಡು ನೀವೂ ಮೆಟ್ಟಿಲ ಮೇಲೆ ಕೂಡಿ. ಕಲಿಸುತ್ತೇನೆ, ಮಾರಿಸುತ್ತೇನೆ, ಸ್ವಸಹಾಯ ಸಂಘಕ್ಕೆ ಸೇರಿಸುತ್ತೇನೆ ಎಂದು ಮಾತ್ರ ಹೊರಡಬೇಡಿ. ಅದಕ್ಕೆ ಇನ್ನೂ ಕಾಲವಿದೆ.

ಬಾಡಿಗೆ ತೆಗೆದುಕೊಳ್ಳಿ. ಬೇಕಾದರೆ ಸಾವಿರ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಪುಕ್ಕಟೆ ಇರುವವರಿಗೆ ನಳ ಸೋರುತ್ತದೆ ಎಂದು ಹೇಳುವ ಧೈರ್ಯವೂ ಇರುವುದಿಲ್ಲ. ಲಕೋಟೆ ತಂದಿಡುವ ದಿನ ಆ ಹುಡುಗಿ ನಿಮ್ಮ ಪಡಸಾಲೆಯಲ್ಲಿ ತಲೆಯೆತ್ತಿ ನಿಲ್ಲುತ್ತಾಳೆ, ಅದನ್ನು ಕಸಿಯಬೇಡಿ. ಬಾಡಿಗೆಗೆ ಕರಾರು ಪತ್ರವನ್ನೂ ಮಾಡಿಸಿ, ಛಾಪಾ ಕಾಗದದ ಮೇಲೆ, ಮಗಳ ಹೆಸರಿನಲ್ಲಲ್ಲ, ತಾಯಿಯ ಹೆಸರಿನಲ್ಲಿ. ಶಾಲೆಗೆ, ಬ್ಯಾಂಕಿಗೆ, ಆಧಾರಿನ ವಿಳಾಸ ಬದಲಾವಣೆಗೆ ಅದು ಬೇಕಾಗಬಹುದು. ಕೋರ್ಟಿನ ಎದುರು ಕೂಡುವ ಟೈಪಿಸ್ಟರು ತಾಯಿಯ ಹೆಸರಿನ ಮುಂದೆ ಗಂಡನ ಹೆಸರು ಕೇಳುತ್ತಾರೆ, ಅದರ ಹಿಂದೆ ‘ದಿವಂಗತ’ ಎಂದು ತಾವೇ ಹೊಡೆದುಬಿಡುತ್ತಾರೆ. ಮೂವರಲ್ಲಿ ಯಾರೂ ಆ ಪದವನ್ನು ಆ ಹೆಸರಿನ ಜೊತೆ ಇನ್ನೂ ಕಾಗದದ ಮೇಲೆ ಕಂಡಿರಲಿಕ್ಕಿಲ್ಲ. ಹಿಂದಿನ ದಿನವೇ ಹುಡುಗಿಗೆ ಹೇಳಿಡಿ.